ಯುದ್ಧಕಾಲದ ಕಾಲಲೇಖಕ ಗಡಿಯಾರಗಳು: ಸಂಗ್ರಹವೂ ವಿವೇಕವೂ

ಕಾಲವನ್ನು ವಿಭಾಗಿಸಿ ಅಳೆಯುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ಅರವತ್ತು ವಿಗಳಿಗೆ ಎಂಬ ಪಂಚಾಂಗದ ಗಣನೆಯಂತೆ ಗಳಿಗೆಯು 24 ನಿಮಿಷ, ವಿಗಳಿಗೆಯು 24 ಸೆಕೆಂಡು. ನಂಜನಗೂಡಿನ ದೊಡ್ಡ ಜಾತ್ರೆಯ ರಥೋತ್ಸವಕ್ಕೆ ಮುಹೂರ್ತವನ್ನು ನಿಶ್ಚಯಿಸಲು ಈ ಗಣನೆ ಸಾಲುತ್ತದೆ. ರಣರಂಗದಲ್ಲಾದರೋ ವಿಗಳಿಗೆಯೂ ದೀರ್ಘಕಾಲವೇ. ಸೆಕೆಂಡಿನ ಐದನೆಯ ಒಂದು ಭಾಗವನ್ನು ತೋರಬಲ್ಲ ಕ್ರೋನೋಗ್ರಾಫ್ ಕೈಗಡಿಯಾರವು ಅಲ್ಲಿ ಬಹೂಪಯೋಗಿಯಾಯಿತು.

ಗ್ರೀಕ್ ಮೂಲದ ಈ ಪದಕ್ಕೆ 'ಕಾಲಲೇಖಕ' ಎಂದರ್ಥ. ಲೂಯಿ ಮೊಯ್ನೆ 1816ರಲ್ಲಿ ಇಂತಹ ಯಂತ್ರವನ್ನು ನಿರ್ಮಿಸಿದನು. ರ್ಯೂಸೆಕ್ ಎಂಬವನು 1821ರಲ್ಲಿ ಕುದುರೆಪಂದ್ಯದ ಕಾಲವನ್ನು ಶಾಯಿಯ ಬೊಟ್ಟಿನಿಂದ ಗುರುತಿಸಿದನು. ಕೈಗಡಿಯಾರದಲ್ಲಿ ನಡುವಿನ ಮುಳ್ಳು ನಿಶ್ಚಲವಾಗಿದ್ದು, ಗುಂಡಿಯನ್ನೊತ್ತಿದಾಗ ಚಲಿಸಿ, ಮತ್ತೊಮ್ಮೆ ಒತ್ತಿದಾಗ ನಿಲ್ಲುತ್ತದೆ. ಗಂಟೆ ನಿಮಿಷಗಳ ನಡೆಗೆ ಭಂಗವಿಲ್ಲ.

ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಫಿರಂಗಿಯ ಮಿಂಚು ಕಂಡೊಡನೆ ಗುಂಡಿಯನ್ನೊತ್ತಿ, ಸದ್ದು ಕೇಳಿದೊಡನೆ ನಿಲ್ಲಿಸಿದಾಗ 6 ಸೆಕೆಂಡು ಕಂಡರೆ, ಫಿರಂಗಿಯು ಸುಮಾರು 2 ಕಿಲೋಮೀಟರ್ ದೂರದಲ್ಲಿದೆಯೆಂದಾಯಿತು. ವಿಮಾನಚಾಲಕರಿಗೆ ವೇಗ ಮತ್ತು ಕಾಲದಿಂದ ದೂರವನ್ನು ಗಣಿಸಲು ಇದೇ ಸಾಧನ. ಎರಡನೆಯ ಮಹಾಯುದ್ಧದ ಜರ್ಮನಿಯ ಹಾನ್‌ಹಾರ್ಟ್, ಗ್ಲಾಸ್‌ಹ್ಯೂಟೆಯ ಉರೋಫಾ 59, ಸ್ವಿಟ್ಜರ್ಲೆಂಡಿನ ಲಾಂಜೀನ್ 13ಝೆಡ್‌ಎನ್ ಯಂತ್ರದ ಗಡಿಯಾರಗಳು ಸಂಗ್ರಾಹಕರಿಗೆ ಅತಿಪ್ರಿಯ.

ಈ ಯುದ್ಧಗಳು ಮೈಸೂರು ಸೀಮೆಗೆ ದೂರದವಲ್ಲ. ಮೈಸೂರು ಲ್ಯಾನ್ಸರ್ಸ್ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿತು. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಯುದ್ಧವಿಮಾನಗಳು ದುರಸ್ತಿಗೊಂಡವು. ಆದಕಾರಣ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಆ ಕಾಲದ ಗಡಿಯಾರಗಳು ದೊರೆತರೆ ಆಶ್ಚರ್ಯವಿಲ್ಲ. ಸೈನಿಕನ ಗಡಿಯಾರವೆಲ್ಲವೂ ಕ್ರೋನೋಗ್ರಾಫ್ ಅಲ್ಲವೆಂಬುದು ಮಾತ್ರ ನೆನಪಿರಬೇಕು. ಭಾರತದಲ್ಲಿ ಪ್ರಸಿದ್ಧವಾಗಿದ್ದ ವೆಸ್ಟ್ ಎಂಡ್ ಕಂಪನಿಯ 'ಸವಾರ್' ಕೇವಲ ವೇಳೆ ತೋರುವ ಗಡಿಯಾರ.

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಬೆರಳುಗಳ ನಡುವೆ ಗುಲಗಂಜಿಯಿದೆ. ಆ ಕ್ಷೇತ್ರವು ಕಾಶಿಗಿಂತ ಗುಲಗಂಜಿಯಷ್ಟು ಹೆಚ್ಚೆಂಬುದು ಜನರ ನಂಬಿಕೆ. ಸಂಗ್ರಹದಲ್ಲಿಯೂ ತೂಕವು ಅಷ್ಟೇ ಸೂಕ್ಷ್ಮ. ಮುಖಫಲಕ, ಮುಳ್ಳು, ಯಂತ್ರ, ಕವಚಗಳು ಒಂದೇ ಕಾಲದವಾಗಿರಬೇಕು. ಫಲಕಕ್ಕೆ ಹೊಸ ಬಣ್ಣ ಬಳಿದರೆ, ಕವಚವನ್ನುಜ್ಜಿ ಸೇನೆಯ ಅಂಕೆಗಳನ್ನು ಅಳಿಸಿದರೆ ಬೆಲೆ ಕುಗ್ಗುತ್ತದೆ. ಶಿಲಾಶಾಸನದ ಸವೆದ ಅಕ್ಷರಗಳನ್ನು ಉಳಿಯಿಂದ ಹೊಸದಾಗಿ ಕೊರೆದಂತೆ, ಅಂದ ಬಂದು ಸಾಕ್ಷ್ಯ ಹೋಗುತ್ತದೆ.

ಇದಕ್ಕಿಂತ ಮಿಗಿಲಾದ ಎಚ್ಚರವೊಂದಿದೆ. ಕತ್ತಲಲ್ಲಿ ಹೊಳೆಯಲೆಂದು ಆ ಕಾಲದ ಅನೇಕ ಫಲಕಗಳಿಗೆ ರೇಡಿಯಂ ಲೇಪಿಸುತ್ತಿದ್ದರು. ಹೊಳಪು ನಂದಿದರೂ ವಿಕಿರಣವು ನಂದದು. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಲೇಪವನ್ನು ಕೆರೆದರೆ ಅದರ ಧೂಳು ಉಸಿರಿನೊಡನೆ ದೇಹವನ್ನು ಸೇರಿ ಎಲುಬಿನಲ್ಲಿ ನೆಲೆಸೀತು. 1920ರ ದಶಕದಲ್ಲಿ ಅಮೆರಿಕದಲ್ಲಿ ಫಲಕಗಳಿಗೆ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚವನ್ನು ತುಟಿಯಿಂದ ಚೂಪುಮಾಡಿ ಪ್ರಾಣತೆತ್ತರು. ಇಂತಹ ಗಡಿಯಾರವನ್ನು ಮನೆಯಲ್ಲಿ ಬಿಚ್ಚಬಾರದು, ಮಕ್ಕಳ ಕೈಗೆ ಕೊಡಬಾರದು, ಮಲಗುವ ಕೋಣೆಯಲ್ಲಿಡಬಾರದು.

ಆದುದರಿಂದ ಇದ್ದುದನ್ನು ಇದ್ದಂತೆ ಕಾಪಾಡುವುದೇ ಸಂಗ್ರಾಹಕನ ಮೊದಲ ಧರ್ಮ. ಧರಿಸಿದವರಾರು, ಯಾವ ದಳ, ಯಾವ ವರ್ಷ, ಯಾರಿಂದ ಬಂದಿತು ಎಂಬುದನ್ನು ಬಲ್ಲವರಿರುವಾಗಲೇ ಬರೆದು ಜೊತೆಗಿಡುವುದು ಎರಡನೆಯದು. ಕಾಲಲೇಖಕವು ಕ್ಷಣವನ್ನು ಬರೆಯಬಲ್ಲದು. ತನ್ನ ಒಡೆಯನ ಹೆಸರನ್ನು ಬರೆಯಲಾರದು.