ಟ್ರೇಲರು ಎಳೆಯಲು ಎಂಥ ಟ್ರಾಕ್ಟರು ಬೇಕು?

ಸುಗ್ಗಿಯ ಕಾಲದಲ್ಲಿ ಸಿರುಗುಪ್ಪದ ಗದ್ದೆಗಳಿಂದ ಭತ್ತವನ್ನೂ ಕುರುಗೋಡಿನ ಹೊಲಗಳಿಂದ ಹತ್ತಿ, ಮೆಣಸಿನಕಾಯಿಗಳನ್ನೂ ಬಳ್ಳಾರಿಗೆ ಸಾಗಿಸುವ ಕೆಲಸವು ಈಗ ಬಹುಮಟ್ಟಿಗೆ ಟ್ರಾಕ್ಟರಿನದಾಗಿದೆ. ಎತ್ತು ಕೊಳ್ಳುವಾಗ ಕೊಂಬಿನ ಅಂದಕ್ಕೆ ಮರುಳಾಗದೆ ಹೆಗಲನ್ನೂ ಗೊರಸನ್ನೂ ಪರೀಕ್ಷಿಸುವ ನಮ್ಮ ಭೂಮಾಲಿಕರು, ಟ್ರಾಕ್ಟರು ಕೊಳ್ಳುವಾಗ ಮಾತ್ರ ಅಶ್ವಶಕ್ತಿಯ ಅಂಕೆಯೊಂದನ್ನೇ ಕೇಳಿ ಸಾಲಪತ್ರಕ್ಕೆ ರುಜು ಹಾಕುವುದು ಕಂಡುಬರುತ್ತದೆ.

ಲೆಕ್ಕವನ್ನು ನೋಡೋಣ. 75 ಕಿಲೋಗ್ರಾಂ ತೂಕದ 40 ಚೀಲ ಭತ್ತವೆಂದರೆ 3000 ಕಿಲೋಗ್ರಾಂ. ಟ್ರೇಲರಿನ ಸ್ವಂತ ತೂಕವು 1200 ಎಂದಿಟ್ಟುಕೊಂಡರೆ ಒಟ್ಟು 4200. ಸಮನಾದ ಡಾಂಬರು ರಸ್ತೆಯಲ್ಲಿ ಇದನ್ನು ಉರುಳಿಸಲು ತೂಕದ ನೂರಕ್ಕೆ 2 ಪಾಲು, ಅಂದರೆ ಸುಮಾರು 84 ಕಿಲೋಗ್ರಾಂ ಎಳೆತವು ಸಾಕು. ಹಸಿ ಎರೆಯ ಬಂಡಿದಾರಿಯಲ್ಲಾದರೋ ನೂರಕ್ಕೆ 15ರಂತೆ 630 ಕಿಲೋಗ್ರಾಂ ಬೇಕಾಗುವುದು. ಇಷ್ಟನ್ನು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಸಾಗಿಸಲು, ಟ್ರಾಕ್ಟರು ತನ್ನ ಮೈಯನ್ನು ತಾನೇ ಎಳೆದುಕೊಳ್ಳುವುದೂ ಸೇರಿ, ಸುಮಾರು 15 ಅಶ್ವಶಕ್ತಿಯು ಚಕ್ರಕ್ಕೆ ಮುಟ್ಟಿದರೆ ಆಯಿತು. 40ರ ಎಂಜಿನಿಗೆ ಇದು ಹೆಚ್ಚಲ್ಲ. ಹಾಗಿದ್ದೂ ಗಾಡಿಯು ಹೂತು ನಿಲ್ಲುವುದೇಕೆ?

ಚಕ್ರಕ್ಕೆ ನೆಲದ ಹಿಡಿತವಿಲ್ಲದುದರಿಂದ. ಇಂಥ ಕೆಸರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಬಿದ್ದ ಭಾರದ ಸುಮಾರು ಮೂರನೆಯ ಒಂದು ಪಾಲಿನಷ್ಟೇ ಎಳೆತವು ದೊರೆಯುವುದು. ಹಿಂದಿನ ಅಚ್ಚಿನ ಮೇಲೆ 1200 ಕಿಲೋಗ್ರಾಂ ಇದ್ದರೆ ಎಳೆತವು 400. ಎಂಜಿನು 40 ಆಗಲಿ 60 ಆಗಲಿ, ಚಕ್ರವು ಬರಿದೆ ತಿರುಗಿ ಕುಳಿ ತೋಡುವುದೇ ಹೊರತು ಮುಂದಕ್ಕೆ ಸಾಗದು. ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿದರೆ 400 ಕಿಲೋಗ್ರಾಮಿನ ಹತ್ತಿರ ಭಾರವು ಹೆಚ್ಚುವುದು. ಎರಡು ಚಕ್ರದ ಟ್ರೇಲರಾದರೆ ಅದರ ಮೂತಿಯ ಭಾರವು 600ರಷ್ಟು ಕೊಂಡಿಯ ಮೂಲಕ ಬಂದು ಸೇರಿ, ಎಳೆತವು 700ನ್ನು ದಾಟುವುದು. ನಾಲ್ಕು ಚಕ್ರದ ಟ್ರೇಲರಿನಲ್ಲಿ ಈ ನೆರವಿಲ್ಲ. ಸಿರುಗುಪ್ಪದ ಕಡೆ ಮಳೆ ಬಿದ್ದ ಮರುದಿನ ಹೂತುಕೊಂಡ ದೊಡ್ಡ ಟ್ರಾಕ್ಟರನ್ನು, ಟೈರಿಗೆ ನೀರು ತುಂಬಿಸಿದ್ದ ನೆರೆಯವನ ಹಳೆಯ ಸಣ್ಣ ಟ್ರಾಕ್ಟರು ಎಳೆದು ದಡಕ್ಕೆ ತಂದುದನ್ನು ಕಂಡಿದ್ದೇನೆ; ಮಾಲಿಕನ ಮುಖವನ್ನು ಇಲ್ಲಿ ವರ್ಣಿಸುವುದು ಬೇಡ.

ಮೂತಿಯ ಭಾರವು ಅತಿಯಾದರೆ ಮುಂದಿನ ಚಕ್ರಗಳು ಹಗುರಾಗಿ ತಿರುವಿನ ಮಾತು ಕೇಳವು. ಟ್ರಾಕ್ಟರಿನ ತೂಕದ ಐದನೆಯ ಒಂದು ಪಾಲಾದರೂ ಮುಂದೆ ಉಳಿಯತಕ್ಕದ್ದು. ತಯಾರಕರು ಗೊತ್ತುಮಾಡಿದ ತಗ್ಗಿನ ಸ್ಥಳಕ್ಕಲ್ಲದೆ ಮೇಲಿನ ಕೂಡುಗೋಲಿಗೆ ಟ್ರೇಲರನ್ನು ಕಟ್ಟತಕ್ಕದ್ದಲ್ಲ. ಕಟ್ಟಿದರೆ ಟ್ರಾಕ್ಟರು ಮೂಗೆತ್ತಿ ಚಾಲಕನ ಮೇಲೆಯೇ ಮಗುಚೀತು.

ಎಂಜಿನಿನ ವಿಷಯದಲ್ಲಿ, ಮಾರುವವರು ‘ಟಾರ್ಕ್’ ಎನ್ನುವ ತಿರುಚುಬಲವನ್ನು ಕೇಳಿರಿ. 2000 ಸುತ್ತಿನಲ್ಲಿ ಪೂರ್ಣ ಅಶ್ವಶಕ್ತಿಯನ್ನು ಕೊಡುವ ಎಂಜಿನಿನ ತಿರುಚುಬಲವು 1200-1400 ಸುತ್ತಿನ ಹತ್ತಿರ ಅತ್ಯಧಿಕವಾಗಿದ್ದರೆ, ಏರಿನಲ್ಲಿ ಸುತ್ತು ಇಳಿದರೂ ಅದು ಸೋಲದು.

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಕುರುಗೋಡಿನ ಗುಡ್ಡಗಳ ಸೆರಗಿನಲ್ಲಿ 20ಕ್ಕೆ 1ರ ಇಳಿಜಾರು ಸಿಕ್ಕರೂ ಮೇಲೆ ಹೇಳಿದ ಹೊರೆಯು 210 ಕಿಲೋಗ್ರಾಂ ಬಲದಿಂದ ಹಿಂದಿನಿಂದ ತಳ್ಳುವುದು. ಆದುದರಿಂದ ಟ್ರೇಲರಿಗೂ ಬ್ರೇಕು ಇರತಕ್ಕದ್ದು. ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೆ ಕೆಸರುನೀರು ತಾಗದಾದುದರಿಂದ ಭತ್ತದ ಸೀಮೆಗೆ ಅದೇ ತಕ್ಕದ್ದು. ರಸ್ತೆಗೆ ಬಂದೊಡನೆ ಎರಡು ಬ್ರೇಕು ಪೆಡಲುಗಳನ್ನೂ ಕೂಡಿಸಿ ಚಿಲಕ ಹಾಕಿರಿ. ಡೀಸೆಲು ಉಳಿಸಲೆಂದು ಇಳಿಜಾರಿನಲ್ಲಿ ಗೇರು ಬಿಡಿಸುವ ಚಾಲಕನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಡಿರಿ. ಹತ್ತಿಯ ಹೊರೆಯು ಹಗುರವಾದರೂ ಎತ್ತರ. ಅದರ ಮೇಲೆ ಕೂಲಿಯವರನ್ನು ಕೂರಿಸಿರುವುದು ಕಂಡರೆ ಗ್ರಾಮಮುಖ್ಯರು ಅಲ್ಲಿಯೇ ಇಳಿಸತಕ್ಕದ್ದು.

ರುಜು ಹಾಕುವ ಮೊದಲು, ನಿಮ್ಮದೇ ಟ್ರೇಲರನ್ನು ನಿಮ್ಮದೇ ಹೊರೆಯೊಡನೆ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸುವಂತೆ ಮಾರುವವರನ್ನು ಕೇಳಿರಿ. ಇಳಿಯುವಾಗಲೂ ನಿಂತು ನೋಡಿರಿ.