ಮೀಟರು, ಹಂಡೆ, ಭರಣಿ: ಕಾಸರಗೋಡಿನ ಮನೆಗಳಿಗೆ ಉಳಿತಾಯದ ದಾರಿ

ಕಾಸರಗೋಡಿನ ಹಳ್ಳಿಮನೆಗಳಿಗೆ ಹಣ ಬರುವ ಕ್ರಮವೇ ಬೇರೆ. ಅಡಿಕೆ ಕೊಟ್ಟಾಗ, ಗೇರುಬೀಜ ಮಾರಿದಾಗ, ಗಲ್ಫಿನಲ್ಲಿರುವ ಮಗ ಕಳಿಸಿದಾಗ ಒಂದು ಮೊತ್ತ ಒಮ್ಮೆಲೇ ಕೈಸೇರುತ್ತದೆ. ಖರ್ಚು ಮಾತ್ರ ದಿನವೂ ಇರುತ್ತದೆ. ತಿಂಗಳ ಸಂಬಳದವರಿಗೆಂದು ಹೇಳುವ ಉಳಿತಾಯದ ಸೂತ್ರಗಳು ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಗೆ ಅಷ್ಟಾಗಿ ಹೊಂದುವುದಿಲ್ಲ. ನಮ್ಮಲ್ಲಿ ಹಣ ಸೋರುವುದು ಮುಖ್ಯವಾಗಿ ಎರಡು ಕಡೆ: ಕರೆಂಟ್ ಬಿಲ್ಲಿನಲ್ಲಿ, ಮತ್ತು ಹಿತ್ತಿಲಲ್ಲಿ ಸಿಗುವುದನ್ನೇ ಅಂಗಡಿಯಿಂದ ತರುವ ಅಭ್ಯಾಸದಲ್ಲಿ.

ಮೊದಲ ಹೆಜ್ಜೆ ಲೆಕ್ಕ. ಒಂದು ತಿಂಗಳ ಲೆಕ್ಕ ಸಾಲದು, ಎರಡು ತಿಂಗಳು ಬರೆಯಿರಿ. ನಮ್ಮ ಕರೆಂಟ್ ಬಿಲ್ಲಿನ ಅವಧಿಯೂ ಅಷ್ಟೇ. ಅಂಗಡಿ, ವಾಹನ, ಬೆಂಕಿ-ಬೆಳಕು ಎಂದು ಮೂರು ಭಾಗ ಮಾಡಿದರೆ ಸಾಕು. ಅಂಗಡಿಯ ಭಾಗದಲ್ಲಿ ನಮ್ಮ ಜಾಗದಲ್ಲೇ ಬೆಳೆಯುವ ವಸ್ತು ಬಂದಾಗಲೆಲ್ಲ ಪಕ್ಕದಲ್ಲಿ ಒಂದು ಗುರುತು ಹಾಕಿ. ತೆಂಗಿನೆಣ್ಣೆ, ಬಸಳೆ, ಹಪ್ಪಳ, ಉಪ್ಪಿನಕಾಯಿಗಳ ಎದುರು ಎಷ್ಟು ಗುರುತು ಬಿದ್ದಿವೆ ಎಂದು ಎಣಿಸಿದಾಗ ಮುಂದಿನ ಕೆಲಸ ತಾನಾಗಿ ತಿಳಿಯುತ್ತದೆ.

ಎರಡನೆಯದು ಮೀಟರು. ಕೆ.ಎಸ್.ಇ.ಬಿ. ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಮೊದಲ ಯೂನಿಟ್‌ಗಳು ಅಗ್ಗ, ಮೇಲಿನವು ತುಟ್ಟಿ. ಈ ಅನುಕೂಲ ಇರುವುದು ತಿಂಗಳಿಗೆ 250 ಯೂನಿಟ್‌ವರೆಗೆ, ಅಂದರೆ ಎರಡು ತಿಂಗಳ ಬಿಲ್ಲಿಗೆ 500ರವರೆಗೆ ಮಾತ್ರ. ಅದನ್ನು ದಾಟಿದರೆ ಮೊದಲ ಯೂನಿಟ್‌ನಿಂದ ಹಿಡಿದು ಪೂರ್ತಿ ಬಳಕೆಗೆ ಒಂದೇ ದರ ಬೀಳುತ್ತದೆ. ಅಗ್ಗದ ಮೆಟ್ಟಿಲುಗಳ ಲಾಭ ಪೂರ್ತಿ ಕೈತಪ್ಪುತ್ತದೆ. 495ಕ್ಕೆ ನಿಂತ ಮನೆಗೂ 510ಕ್ಕೆ ಹೋದ ಮನೆಗೂ ಬಳಕೆಯಲ್ಲಿ 15 ಯೂನಿಟ್ ವ್ಯತ್ಯಾಸ, ಬಿಲ್ಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಮೀಟರ್ ಓದಲು ಬಂದವರು ಹೋದ ದಿನ ಅಂಕಿ ಗುರುತಿಟ್ಟುಕೊಳ್ಳಿ, ಮೂವತ್ತನೆಯ ದಿನ ನೀವೇ ಮತ್ತೆ ಓದಿ. 250ರ ಮೇಲೆ ಹೋಗಿದ್ದರೆ ಹಿಡಿದು ಬಳಸಲು ಇನ್ನೂ ಒಂದು ತಿಂಗಳು ಕೈಯಲ್ಲಿದೆ. ಉಳಿತಾಯದ ಎಲ್ಲ ಉಪಾಯಗಳಲ್ಲಿ ಒಂದು ಪೈಸೆಯೂ ಖರ್ಚಿಲ್ಲದ್ದು ಇದು, ಮತ್ತು ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದೂ ಇದೇ. ಈ ಮಿತಿ ಮೀರುವ ಮನೆಗಳಿಗೆ ಸಂಜೆ 6ರಿಂದ ರಾತ್ರಿ 10ರವರೆಗಿನ ಕರೆಂಟ್ ಇನ್ನಷ್ಟು ತುಟ್ಟಿ. ಪಂಪು, ವಾಷಿಂಗ್ ಮೆಷಿನ್, ಇಸ್ತ್ರಿಪೆಟ್ಟಿಗೆಗಳ ಕೆಲಸವನ್ನು ಹಗಲಿನಲ್ಲೇ ಮುಗಿಸಿ.

ಯಾವುದು ಎಷ್ಟು ತಿನ್ನುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಒಂದು ಸಾವಿರ ವ್ಯಾಟಿನ ಸಾಧನ ಒಂದು ಗಂಟೆ ಉರಿದರೆ ಒಂದು ಯೂನಿಟ್. ಹಳೆಯ 75 ವ್ಯಾಟಿನ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ಎರಡು ತಿಂಗಳಿಗೆ 45 ಯೂನಿಟ್. ಸುಮಾರು 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನಿಗೆ 18. ಎಲ್ಲ ಫ್ಯಾನುಗಳನ್ನೂ ಒಟ್ಟಿಗೆ ಬದಲಿಸಬೇಕಾಗಿಲ್ಲ. ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯದನ್ನು ಮೊದಲು ಬದಲಿಸಿ, ಉಳಿದವು ಕೆಟ್ಟಾಗ ನೋಡೋಣ. 2,000 ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೂ ಎರಡು ತಿಂಗಳಿಗೆ 60 ಯೂನಿಟ್. ಪಂಪು ಹಿಂದಿಗಿಂತ ಹೆಚ್ಚು ಹೊತ್ತು ಓಡುತ್ತಿದ್ದರೆ ಫುಟ್‌ವಾಲ್ವ್ ಸೋರುತ್ತಿದೆಯೇ ಎಂದು ನೋಡಿಸಿ.

ಸೋಲಾರ್ ಹಾಕಿಸಬೇಕೇ ಎಂದು ಅನೇಕರು ಯೋಚಿಸುತ್ತಿದ್ದಾರೆ. 2024ರಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ತಿಂಗಳಿಗೆ 250 ಯೂನಿಟ್ ಮೀರುವ, ಮಾಡಿಗೆ ತೆಂಗು-ಕಂಗಿನ ನೆರಳು ಬೀಳದ ಮನೆಗೆ ಅದು ಒಳ್ಳೆಯದು. ನೂರು ಯೂನಿಟ್ಟಿನೊಳಗೆ ಬದುಕುವ ಮನೆಯವರು ಅದಕ್ಕಾಗಿ ಸಾಲ ಮಾಡಬೇಡಿ.

ಮೂರನೆಯದು ಹಂಡೆ. ತೋಟದಲ್ಲಿ ಕೊತ್ತಳಿಗೆ, ಮಡಲು, ಗೆರಟೆ ಕೊಳೆಯುತ್ತಿರುವಾಗ ಮೀಯುವ ನೀರನ್ನು ಕರೆಂಟಿನಲ್ಲಿ ಕಾಯಿಸುವುದು ನಷ್ಟವೇ. ಬಚ್ಚಲಿನ ಒಲೆ ಕೆಡವದೆ ಉಳಿಸಿಕೊಂಡವರು ಪುಣ್ಯವಂತರು. ಮೇ ತಿಂಗಳು ಮುಗಿಯುವ ಮೊದಲೇ ಒಣಗಿದ್ದನ್ನೆಲ್ಲ ಕೊಟ್ಟಿಗೆಯಲ್ಲಿ ಒಟ್ಟಿಟ್ಟರೆ ಮಳೆಗಾಲದ ಬಿಸಿನೀರಿನ ಚಿಂತೆ ಇಲ್ಲ. ಅಡುಗೆಕೋಣೆಗೆ ಮಾತ್ರ ಹೊಗೆ ಬೇಡ, ಅಲ್ಲಿ ಗ್ಯಾಸೇ ಇರಲಿ. ಹೆಂಗಸರ ಶ್ವಾಸಕೋಶಕ್ಕಿಂತ ಸಿಲಿಂಡರಿನ ಬೆಲೆ ದೊಡ್ಡದಲ್ಲ. ಕುಚ್ಚಿಲಕ್ಕಿಯನ್ನು ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿಟ್ಟರೆ ಗ್ಯಾಸ್ ಸಾಕಷ್ಟು ಉಳಿಯುತ್ತದೆ.

ಇನ್ನು ಭರಣಿಯ ವಿಷಯ. ಹಲಸು 2018ರಲ್ಲಿ ಕೇರಳದ ರಾಜ್ಯಫಲವಾಯಿತು. ಎಣ್ಮಕಜೆಯ ಶ್ರೀ ಪಡ್ರೆಯವರು ‘ಅಡಿಕೆ ಪತ್ರಿಕೆ’ಯ ಮೂಲಕ ಹಲಸಿನ ಬೆಲೆಯನ್ನು ವರ್ಷಾನುಗಟ್ಟಲೆ ಬರೆದು ತಿಳಿಸಿದರು. ಆದರೂ ಎಷ್ಟೋ ಹಿತ್ತಿಲುಗಳಲ್ಲಿ ಅದು ಮರದ ಬುಡದಲ್ಲೇ ಕೊಳೆಯುತ್ತಿದೆ, ಮತ್ತು ಅದೇ ಮನೆಯವರು ಜೂನ್-ಜುಲೈಯಲ್ಲಿ ಘಟ್ಟದಿಂದ ಬಂದ ತರಕಾರಿಗೆ ಮಳೆಗಾಲದ ಬೆಲೆ ತೆರುತ್ತಾರೆ. ಉಪ್ಪುಸೊಳೆಗೆ ಕಷ್ಟವೇನಿಲ್ಲ. ಬಲಿತ, ಹಣ್ಣಾಗದ ಹಲಸಿನಕಾಯಿಯ ಸೊಳೆ ಬಿಡಿಸಿ ಬೀಜ ತೆಗೆಯಿರಿ. ಸೊಳೆ ಐದು ಅಳತೆಗೆ ಕಲ್ಲುಪ್ಪು ಒಂದು ಅಳತೆ ಎಂಬುದು ಹಲವು ಮನೆಗಳ ರೂಢಿ. ಪದರ ಪದರವಾಗಿ ಉಪ್ಪು ಹಾಕಿ ಭರಣಿಗೆ ಒತ್ತಿ ತುಂಬಿ, ಮೇಲೆ ತೊಳೆದ ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿ. ಉಪ್ಪುನೀರು ಬಿಟ್ಟು ಸೊಳೆ ಅದರಲ್ಲಿ ಮುಳುಗಿರಬೇಕು. ಒದ್ದೆ ಕೈ ಹಾಕಬಾರದು. ಬೇಕಾದಾಗ ತೆಗೆದು, ಉಪ್ಪು ಬಿಡುವಂತೆ ನೀರು ಬದಲಿಸುತ್ತಾ ನೆನೆಸಿದರೆ ಪಲ್ಯ, ಸಾಂಬಾರು, ರೊಟ್ಟಿ, ಮಕ್ಕಳಿಗೆ ಉಂಡ್ಲಕಾಳು. ಬೀಜಕ್ಕೆ ಕೆಮ್ಮಣ್ಣು ಬಳಿದಿಟ್ಟರೆ ಆಟಿಯವರೆಗೂ ಬರುತ್ತದೆ. ಇದರ ಜೊತೆಗೆ ಚಗತೆ ಸೊಪ್ಪು, ಕೆಸು, ತಿಮರೆಯ ತಂಬುಳಿ ಸೇರಿದರೆ ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ತರಕಾರಿ ಅಂಗಡಿಗೆ ಹೋಗಬೇಕಾಗಿಲ್ಲ. ಓಣಂ ಮೊದಲು ಕೃಷಿಭವನದಲ್ಲಿ ಉಚಿತವಾಗಿ ಸಿಗುವ ತರಕಾರಿ ಬೀಜದ ಪೊಟ್ಟಣವನ್ನೂ ಕೇಳಿ ಪಡೆಯಿರಿ.

ತೆಂಗಿನೆಣ್ಣೆಯ ಬೆಲೆ 2025ರಲ್ಲಿ ಲೀಟರಿಗೆ 400 ರೂಪಾಯಿ ದಾಟಿತು. ಒಳ್ಳೆಯ ಕಾಯಿಗೂ ಬೆಲೆ ಇರುವಾಗ ಅದನ್ನು ಮಾರಿ. ವ್ಯಾಪಾರಿ ಬದಿಗಿಡುವ ಸಣ್ಣ ಕಾಯಿಗಳನ್ನು ಒಡೆದು, ಒಣಗಿಸಿ, ಮಿಲ್ಲಿಗೆ ಕೊಟ್ಟರೆ ಮನೆಗೆ ಬೇಕಾದ ಎಣ್ಣೆ ಸಿಗುತ್ತದೆ, ಹಟ್ಟಿಗೆ ಹಿಂಡಿಯೂ ಆಯಿತು.

ಅಂಗಡಿಯಿಂದಲೇ ತರಬೇಕಾದ್ದಕ್ಕೆ ಮೊದಲು ಮಾವೇಲಿ ಸ್ಟೋರಿಗೆ ಹೋಗಿ. ಕಡಲೆ, ಹೆಸರು, ಉದ್ದು, ತೊಗರಿ, ಮೆಣಸು, ಕೊತ್ತಂಬರಿ, ಸಕ್ಕರೆ, ಅಕ್ಕಿ ಸೇರಿ 13 ಸಾಮಾನುಗಳಿಗೆ ರೇಷನ್ ಕಾರ್ಡಿನ ಮೇಲೆ ಸಬ್ಸಿಡಿ ದರ ಇದೆ. ತಿಂಗಳ ಕೊನೆಯಲ್ಲಿ ಹೋದರೆ ಖಾಲಿ ಇರುವುದುಂಟು. ನಿತ್ಯದ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಬದಲಿಸುವ ಮೊದಲು ಡಾಕ್ಟರನ್ನು ಕೇಳಿ.

ಮಂಗಳೂರಿಗೆ ಕಲಿಯಲು, ಕೆಲಸಕ್ಕೆ ದಿನವೂ ಹೋಗುವವರಿಗೆ ರೈಲಿನ ಸೀಸನ್ ಟಿಕೆಟಿನಷ್ಟು ಅಗ್ಗದ್ದು ಬೇರೆ ಇಲ್ಲ. ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ ಮನೆ ಮತ್ತು ಶಾಲೆಯ ನಡುವೆ ಎರಡನೇ ದರ್ಜೆಯ ಸೀಸನ್ ಟಿಕೆಟ್ ಉಚಿತ. ಶಾಲೆಯಿಂದ ಪತ್ರ ತಂದರೆ ಆಯಿತು. ತಲಪಾಡಿಯ ಆಚೆ ಪೆಟ್ರೋಲಿಗೆ ಬೆಲೆ ಕಡಿಮೆ, ನಿಜ. ಬೇರೆ ಕೆಲಸಕ್ಕೆ ಹೋದಾಗ ತುಂಬಿಸಿ, ಅದಕ್ಕೆಂದೇ ಹೋಗಬೇಡಿ.

ಉಳಿದ ಹಣ ಡಬ್ಬಿಯಲ್ಲಿದ್ದರೆ ಉಳಿಯುವುದಿಲ್ಲ. 1998ರಲ್ಲಿ ಶುರುವಾದ ಕುಟುಂಬಶ್ರೀಯ ಅಯಲ್‌ಕೂಟಗಳು ಪ್ರತಿ ವಾರ ಸಣ್ಣ ಮೊತ್ತ ಸಂಗ್ರಹಿಸುವುದು ಇದಕ್ಕಾಗಿಯೇ. ಪಂಪು ಸುಟ್ಟುಹೋದಾಗ, ಮಾಡು ಸೋರಿದಾಗ ಚಿನ್ನ ಅಡವಿಡುವ ಮೊದಲು ಅಲ್ಲಿ ಸಾಲ ಕೇಳಬಹುದು. ಅಡಿಕೆಯವರಿಗೆ ಇನ್ನೊಂದು ಮಾತು: ಈ ಸಲ ಕ್ಯಾಂಪ್ಕೊದಿಂದ ಹಣ ಬಂದ ದಿನವೇ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮನೆಖರ್ಚನ್ನು ಬೇರೆ ಖಾತೆಗೆ ಹಾಕಿಡಿ, ಮಕ್ಕಳ ಶಾಲೆಯ ಖರ್ಚನ್ನೂ ಸೇರಿಸಿ.