ಮಾತ್ರೆಗಿಂತ ಮೊದಲು: ಸೊಂಟನೋವು ಗೆಲ್ಲುವ ಸೂತ್ರಗಳು

ಡೆಡ್‌ಲೈನ್ ಹತ್ತಿರ ಬಂದಾಗಲೇ ಸೊಂಟ ಹಿಡಿದುಕೊಳ್ಳುತ್ತದೆ. ಡ್ರಾಯರ್‌ನಲ್ಲಿರುವ ಪೇನ್‌ಕಿಲ್ಲರ್ ನುಂಗಿದರೆ ಇವತ್ತಿನ ಕೆಲಸ ಮುಗಿದೀತು. ಆದರೆ ದೂರ ಹೋಗಬೇಕೆಂದಿರುವ ನಿಮಗೆ ಗಟ್ಟಿ ಬೆನ್ನೇ ಬೇಕು. ಹೀಗೆ ಮಾಡಿ.

1. ಮಲಗಬೇಡಿ, ಓಡಾಡಿ.
ಸಾಮಾನ್ಯ ಸೊಂಟನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಅಲ್ಲಾಡಿದರೆ ಬೆನ್ನು ಇನ್ನಷ್ಟು ಹಾಳಾದೀತು ಎಂಬ ಅನುಮಾನವೇ ನಿಮ್ಮನ್ನು ಹಾಸಿಗೆಗೆ ಕಟ್ಟಿಹಾಕುತ್ತದೆ. ಅದನ್ನು ಬಿಡಿ. ಫೋನ್ ಬಂದರೆ ಎದ್ದು ನಡೆಯುತ್ತಾ ಮಾತಾಡಿ.

2. ಶಾಖ ಕೊಡಿ.
ಹೊಸದಾಗಿ ಬಂದ ಸೊಂಟನೋವಿಗೆ ಶಾಖ, ಮಸಾಜ್, ಅಕ್ಯುಪಂಕ್ಚರ್, ಸ್ಪೈನಲ್ ಮ್ಯಾನಿಪುಲೇಷನ್ (ಬೆನ್ನೆಲುಬನ್ನು ಕೈಯಿಂದ ಒತ್ತುವ ಚಿಕಿತ್ಸೆ) ಮೊದಲು ನೋಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲೇ ಹೇಳಿದೆ. ಡೈಕ್ಲೋಫೆನಾಕ್‌ನಂಥ ಮಾತ್ರೆ ದಿನವೂ ನುಂಗುತ್ತಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಹಾಗಂತ ಡಾಕ್ಟರ್ ಬರೆದುಕೊಟ್ಟದ್ದನ್ನು ನೀವೇ ನಿಲ್ಲಿಸಬೇಡಿ.

3. ಕೈರೋಪ್ರಾಕ್ಟಿಕ್ ಬೇಕೆ? ತಿಳಿದುಕೊಂಡು ಹೋಗಿ.
1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಶುರುಮಾಡಿದ ಪದ್ಧತಿ ಇದು. ಬೆನ್ನೆಲುಬಿನ ಕೀಲನ್ನು ಕೈಯಿಂದ ಚುರುಕಾಗಿ ಒತ್ತುತ್ತಾರೆ, 'ಟಕ್' ಎನ್ನುತ್ತದೆ. ಜಾರಿದ ಮೂಳೆ ಜಾಗಕ್ಕೆ ಬಂದು ಕೂತ ಸದ್ದಲ್ಲ ಅದು. ಕೀಲಿನೊಳಗಿನ ದ್ರವದಲ್ಲಿ ಏಳುವ ಗಾಳಿಗುಳ್ಳೆಯದು. ರೀಲ್ಸ್ ನೋಡಿ ಮರುಳಾಗಬೇಡಿ. ಸೊಂಟನೋವಿಗೆ ಇದರಿಂದ ಒಂದಿಷ್ಟು ಆರಾಮ ಸಿಗಬಹುದು, ಪವಾಡ ಆಗುವುದಿಲ್ಲ. ಎಲ್ಲಿ ಓದಿದ್ದೀರಿ ಎಂದು ಕೈರೋಪ್ರಾಕ್ಟರನ್ನು ನೇರವಾಗಿಯೇ ಕೇಳಿ. ನಿಮ್ಮನ್ನು ಪರೀಕ್ಷಿಸದೆ ಟೇಬಲ್ ಮೇಲೆ ಮಲಗಿಸುವವರು, ಬಿಪಿ–ಶುಗರ್ ಕೂಡ ವಾಸಿಮಾಡುತ್ತೇವೆ ಎನ್ನುವವರು ಸಿಕ್ಕರೆ ಎದ್ದು ಬನ್ನಿ.

ಕುತ್ತಿಗೆಯ ವಿಷಯದಲ್ಲಂತೂ ಸಂಕೋಚ ಬೇಡವೇ ಬೇಡ. ಜೋರಾಗಿ ತಿರುಚಿದಾಗ ರಕ್ತನಾಳ ಸೀಳಿ ಸ್ಟ್ರೋಕ್ ಆಗುವುದು ಅಪರೂಪ, ಆದರೆ ಆಗುತ್ತದೆ. ಸಲೂನಿನಲ್ಲಿ ಕಟಿಂಗ್ ಮುಗಿಸಿ, ಗಲ್ಲಕ್ಕೊಂದು ಕೈ, ತಲೆಗೊಂದು ಕೈ ಕೊಟ್ಟು ಲಟಕ್ ಎನಿಸಲು ಬಂದರೆ 'ಬೇಡಪ್ಪಾ' ಎನ್ನಿ.

4. ದಿನಕ್ಕೆ ಹದಿನೈದು ನಿಮಿಷ ಬೆನ್ನಿಗೆ ಕೊಡಿ.
ಭುಜಂಗಾಸನ, ಮಾರ್ಜಾಲಾಸನ, ಸೇತುಬಂಧಾಸನ ಸಾಕು. ಮೊದಲ ಸಲ ಬಲ್ಲವರ ಮುಂದೆ ಮಾಡಿ, ಆಮೇಲೆ ತಪ್ಪಿಸಬೇಡಿ. ಟೈಮ್ ಇಲ್ಲವೇ? ಮೀಟಿಂಗ್ ಥರ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿ. ಬಹುಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮ ಇದೆ. ಸೊಂಟದ ಬೆಲ್ಟು, ಟ್ರಾಕ್ಷನ್ ಬೇಡ ಎಂದಿದೆ. ಬೆಲ್ಟಿನ ದುಡ್ಡು ಉಳಿಸಿ, ಯೋಗ ಮ್ಯಾಟ್ ಕೊಳ್ಳಿ.

5. ಹಟ ಬಿಡಬೇಕಾದ ಹೊತ್ತು ಗುರುತಿಸಿ.
ಕಾಲಿನ ಬಲ ಕುಗ್ಗಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ನೋವಿನ ಜತೆ ಜ್ವರ ಬಂದರೆ, ಬಿದ್ದು ಪೆಟ್ಟಾಗಿದ್ದರೆ ಆಸನವೂ ಬೇಡ, ಕೈರೋಪ್ರಾಕ್ಟರೂ ಬೇಡ. ಲ್ಯಾಪ್‌ಟಾಪ್ ಮುಚ್ಚಿ, ಅವತ್ತೇ ನೇರವಾಗಿ ಆಸ್ಪತ್ರೆಗೆ ಹೋಗಿ.